ಹಲ್ಲಿಗಾಗಿ ಗಡಿ ದಾಟುವವರು

ಅಮೆರಿಕದ ಆರಿಜೋನಾ ರಾಜ್ಯದ ಯೂಮಾ ನಗರದಿಂದ ಕಾರಿನಲ್ಲಿ ಹೊರಟರೆ ಸ್ವಲ್ಪ ಹೊತ್ತಿಗೆಲ್ಲ ಮೆಕ್ಸಿಕೋ ಗಡಿ ಸಿಗುತ್ತದೆ. ಗಡಿಗೆ ಅಂಟಿಕೊಂಡಂತೆ ಕ್ವೆಚಾನ್ ಬುಡಕಟ್ಟಿನವರು ನಡೆಸುವ ದೊಡ್ಡದೊಂದು ಪಾರ್ಕಿಂಗ್ ಮೈದಾನವಿದೆ. ಚಳಿಗಾಲ ಬಂತೆಂದರೆ ಬೆಳಗ್ಗೆಯೇ ಅದು ಭರ್ತಿ. ಕಾರು ನಿಲ್ಲಿಸಿ, ಪಾಸ್‌ಪೋರ್ಟ್ ಹಿಡಿದು, ನಡೆದುಕೊಂಡೇ ಆಚೆ ಹೋಗುವವರಲ್ಲಿ ಹೆಚ್ಚಿನವರು ತಲೆ ನರೆತವರು. ದಾಟಿದ ಕೂಡಲೇ ಸಿಗುವ ಊರು ಲೋಸ್ ಆಲ್ಗೊಡೋನೆಸ್. ಕೆಲವೇ ಸಾವಿರ ಜನ ವಾಸಿಸುವ ಆ ಊರಿನಲ್ಲಿ ದಂತ ವೈದ್ಯರೇ ನೂರಾರು ಮಂದಿ. ಬೀದಿಯುದ್ದಕ್ಕೂ ಹಲ್ಲಿನ ಕ್ಲಿನಿಕ್ಕುಗಳು, ನಡುನಡುವೆ ಔಷಧಿ ಅಂಗಡಿ, ಕನ್ನಡಕದ ಅಂಗಡಿ. ದವಡೆಹಲ್ಲಿನ ಊರು ಎಂದೇ ಅಮೆರಿಕದವರು ಅದನ್ನು ಕರೆಯುತ್ತಾರೆ. ಬೆಳಗ್ಗೆ ಹೋಗಿ ಹುಳುಕು ಹಲ್ಲು ಕೀಳಿಸಿಕೊಂಡು, ಕ್ಯಾಪಿಗೆ ಅಳತೆ ಕೊಟ್ಟು, ಸಂಜೆಯೊಳಗೆ ವಾಪಸ್ಸು.

ಅಮೆರಿಕದಲ್ಲಿ ದವಡೆಯ ಮೂಳೆಗೆ ಸ್ಕ್ರೂ ಕೂರಿಸುವ ಒಂದು ಹಲ್ಲಿನ ಇಂಪ್ಲಾಂಟಿಗೆ, ಮೇಲಿನ ಕ್ಯಾಪೂ ಸೇರಿ, ಸಾಮಾನ್ಯವಾಗಿ 3,000ದಿಂದ 5,000 ಡಾಲರ್ ಆಗುತ್ತದೆ. ಗಡಿಯಾಚೆ ಹೆಚ್ಚುಕಡಿಮೆ ಅದರ ಮೂರನೇ ಒಂದು ಭಾಗಕ್ಕೆ ಕೆಲಸ ಮುಗಿಯುತ್ತದೆ. ಬಡ ದೇಶದ ಶ್ರೀಮಂತರು ಹೃದಯದ ಆಪರೇಷನ್ನಿಗೆ ಲಂಡನ್ನಿಗೋ ನ್ಯೂಯಾರ್ಕಿಗೋ ಹೋಗುವುದನ್ನು ನಾವು ಮೊದಲಿನಿಂದ ಕೇಳಿದ್ದೇವೆ. ಇಲ್ಲಿ ಪ್ರಯಾಣ ತಿರುಗುಮುರುಗಾಗಿದೆ. ಜಗತ್ತಿನ ಅತ್ಯಂತ ಸಿರಿವಂತ ದೇಶದ ನಿವೃತ್ತ ಮೇಷ್ಟರು, ಲಾರಿ ಚಾಲಕರು, ಅಂಗಡಿ ಕೆಲಸದವರು ಅಗಿಯುವ ಹಲ್ಲಿಗಾಗಿ ಪಕ್ಕದ ದೇಶಕ್ಕೆ ನಡೆದು ಹೋಗುತ್ತಿದ್ದಾರೆ. ಬ್ರಿಟನ್ನಿನವರು ಟರ್ಕಿಗೆ, ಆಸ್ಟ್ರಿಯಾ ಮತ್ತು ಜರ್ಮನಿಯವರು ಹಂಗೇರಿಗೆ, ಆಸ್ಟ್ರೇಲಿಯಾದವರು ಥಾಯ್ಲೆಂಡ್ ಮತ್ತು ಬಾಲಿಗೆ ಹೊರಡುತ್ತಾರೆ. ಅಮೆರಿಕ ಮತ್ತು ಕೊಲ್ಲಿ ದೇಶಗಳಲ್ಲಿರುವ ನಮ್ಮವರು ರಜೆಗೆ ಊರಿಗೆ ಬರುವ ಮುಂಚೆಯೇ ಮಂಗಳೂರು, ಮೈಸೂರು, ಬೆಂಗಳೂರಿನ ದಂತ ವೈದ್ಯರಿಗೆ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ಹಿಡಿಯುತ್ತಾರೆ.

ಇದೆಲ್ಲ ಬರೀ ಅಗ್ಗದ ದರದ ಹಿಂದೆ ಬಿದ್ದವರ ಓಟ ಎಂದು ತಳ್ಳಿಹಾಕುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಹೆಚ್ಚಿನ ದೇಶಗಳು ತಮ್ಮ ಆರೋಗ್ಯ ವ್ಯವಸ್ಥೆ ಕಟ್ಟುವಾಗ ಬಾಯನ್ನು ಮೈಯಿಂದ ಬೇರೆ ಮಾಡಿ ಹೊರಗಿಟ್ಟವು. ಕೈ ಮುರಿದರೆ ಸರ್ಕಾರ ಅಥವಾ ವಿಮೆ ನೋಡಿಕೊಳ್ಳುತ್ತದೆ, ಹಲ್ಲು ಮುರಿದರೆ ನಿಮ್ಮ ಪಾಡು ನಿಮಗೆ. ಈ ಪ್ರಯಾಣಗಳ ಬೇರು ಅಲ್ಲಿದೆ.

ಅಮೆರಿಕದಲ್ಲಿ ಈ ಒಡಕು ಹಳೆಯದು. ದಂತ ವೈದ್ಯಕೀಯಕ್ಕೆಂದೇ ಮೀಸಲಾದ ಜಗತ್ತಿನ ಮೊದಲ ಕಾಲೇಜು ಶುರುವಾದದ್ದು 1840ರಲ್ಲಿ, ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರಿನಲ್ಲಿ. ವೈದ್ಯಕೀಯ ಕಾಲೇಜಿನೊಳಗೆ ಒಂದು ವಿಭಾಗವಾಗಿ ಬೆಳೆಯಬಹುದಿದ್ದ ವಿದ್ಯೆ ಅಂದಿನಿಂದ ಬೇರೆ ಮನೆ ಮಾಡಿತು. ಬೇರೆ ಪದವಿ, ಬೇರೆ ಪರಿಷತ್ತು, ಮುಂದೆ ಬೇರೆ ವಿಮೆ. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ವೃದ್ಧರಿಗಾಗಿ ಮೆಡಿಕೇರ್ ತಂದಾಗ ಹಲ್ಲಿನ ಚಿಕಿತ್ಸೆಯನ್ನು ಕಾನೂನಿನಲ್ಲೇ ಹೊರಗಿಡಲಾಯಿತು. ಹಲ್ಲು ಉದುರುವ ವಯಸ್ಸಿನವರಿಗೆಂದೇ ಮಾಡಿದ ಯೋಜನೆಯಲ್ಲಿ ಹಲ್ಲಿಗೆ ಜಾಗವಿಲ್ಲ! ಅದನ್ನು ಸೇರಿಸಬೇಕೆಂಬ ಪ್ರಯತ್ನ 2021ರಲ್ಲಿ ಮತ್ತೆ ನಡೆದು ಮತ್ತೆ ಬಿದ್ದುಹೋಯಿತು.

ಖಾಸಗಿ ದಂತ ವಿಮೆ ಇದ್ದವರ ಸ್ಥಿತಿಯೂ ಅಷ್ಟಕ್ಕಷ್ಟೆ. ನಮಗೆ ಗೊತ್ತಿರುವ ವಿಮೆಯಲ್ಲಿ ಸಣ್ಣ ಖರ್ಚು ನಮ್ಮದು, ದೊಡ್ಡ ಹೊಡೆತ ಕಂಪನಿಯದು. ಅಮೆರಿಕದ ದಂತ ವಿಮೆ ಇದನ್ನು ಉಲ್ಟಾ ಮಾಡಿದೆ. ವರ್ಷಕ್ಕೆರಡು ಕ್ಲೀನಿಂಗ್ ಪೂರ್ತಿ ಉಚಿತ, ಆದರೆ ವರ್ಷಕ್ಕಿಷ್ಟೇ ಎಂಬ ಮಿತಿ ಇರುತ್ತದೆ. ಬಹಳಷ್ಟು ಪಾಲಿಸಿಗಳಲ್ಲಿ ಆ ಮಿತಿ 1,000 ಅಥವಾ 1,500 ಡಾಲರ್. ದಶಕಗಳಿಂದ ಈ ಅಂಕಿ ಹೆಚ್ಚು ಅಲುಗಾಡಿಲ್ಲ, ಚಿಕಿತ್ಸೆಯ ದರ ಮಾತ್ರ ಏರುತ್ತಲೇ ಬಂದಿದೆ. ಒಂದು ದವಡೆಹಲ್ಲಿಗೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸುವಷ್ಟರಲ್ಲಿ ಆ ವರ್ಷದ ವಿಮೆ ಖಾಲಿ. ಎರಡನೇ ಹಲ್ಲು ನೋಯಲು ಮುಂದಿನ ಜನವರಿಯವರೆಗೆ ಕಾಯಬೇಕು.

2007ರಲ್ಲಿ ಅದೇ ಮೇರಿಲ್ಯಾಂಡಿನಲ್ಲಿ 12 ವರ್ಷದ ಹುಡುಗನೊಬ್ಬ ಸತ್ತುಹೋದ. ಹುಳುಕು ಹಲ್ಲಿನ ಕೀವು ಮೆದುಳಿಗೆ ಏರಿತ್ತು. ಬಡವರಿಗಾಗಿ ಇರುವ ಸರ್ಕಾರಿ ವಿಮೆಯನ್ನು ಒಪ್ಪುವ ದಂತ ವೈದ್ಯರು ಆ ಕುಟುಂಬಕ್ಕೆ ಸುಲಭದಲ್ಲಿ ಸಿಗುತ್ತಿರಲಿಲ್ಲ, ನಡುವೆ ವಿಮೆಯೂ ತಪ್ಪಿಹೋಗಿತ್ತು. ಸುಮಾರು 80 ಡಾಲರಿಗೆ ಕಿತ್ತು ಹಾಕಬಹುದಾಗಿದ್ದ ಹಲ್ಲು ಅದು. ಎರಡು ಮೆದುಳಿನ ಶಸ್ತ್ರಚಿಕಿತ್ಸೆ, ವಾರಗಟ್ಟಲೆ ಆಸ್ಪತ್ರೆ ವಾಸ, ಎರಡು ಲಕ್ಷ ಡಾಲರಿಗೂ ಮೀರಿದ ವೆಚ್ಚ ಆದರೂ ಮಗು ಉಳಿಯಲಿಲ್ಲ. ಮೊದಲ ದಂತ ಕಾಲೇಜು ಹುಟ್ಟಿದ ರಾಜ್ಯದಲ್ಲೇ ಇದು ನಡೆಯಿತು ಎನ್ನುವುದನ್ನು ನೆನೆದರೆ ಸಂಕಟವಾಗುತ್ತದೆ. ವಿದ್ಯೆಯ ಕೊರತೆಯಿಂದ ಆದ ಸಾವು ಅದಲ್ಲ. ಆ ಸುದ್ದಿ ದೇಶವನ್ನೇ ಅಲುಗಿಸಿ, ಮಕ್ಕಳ ದಂತ ಆರೈಕೆಯ ನಿಯಮಗಳು ಸುಧಾರಿಸಿದವು. ದೊಡ್ಡವರ ವಿಷಯದಲ್ಲಿ ಅಂಥ ಬದಲಾವಣೆ ಆಗಲಿಲ್ಲ.

ಬ್ರಿಟನ್ನಿನ ಕಥೆ ಬೇರೆ ದಾರಿಯಿಂದ ಬಂದು ಅದೇ ಗಡಿಗೆ ಮುಟ್ಟುತ್ತದೆ. 1948ರ ಜುಲೈಯಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾದಾಗ ಹಲ್ಲಿನ ಚಿಕಿತ್ಸೆಯೂ ಉಚಿತವಾಗಿತ್ತು. ವರ್ಷಗಟ್ಟಲೆ ನೋವು ನುಂಗಿಕೊಂಡಿದ್ದ ಜನ ಹಲ್ಲಿನ ಸೆಟ್ಟಿಗಾಗಿ ಮುಗಿಬಿದ್ದರು. ವೆಚ್ಚ ಅಂದಾಜನ್ನು ಮೀರಿತು. 1951ರಲ್ಲಿ ಸರ್ಕಾರ ಹಲ್ಲಿನ ಸೆಟ್ಟು ಮತ್ತು ಕನ್ನಡಕಕ್ಕೆ ಶುಲ್ಕ ಹಾಕಲು ಹೊರಟಾಗ, ಆ ಸೇವೆಯನ್ನು ಕಟ್ಟಿದ ಅನ್ಯೂರಿನ್ ಬೆವನ್ ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟರು. ಒಮ್ಮೆ ಬಾಗಿಲು ತೆರೆದರೆ ಶುಲ್ಕ ಅಲ್ಲಿಗೇ ನಿಲ್ಲುವುದಿಲ್ಲ ಎಂಬ ಅವರ ಆತಂಕ ನಿಜವಾಯಿತು. 2024ರಲ್ಲಿ ಇಂಗ್ಲೆಂಡಿನಲ್ಲಿ ಕ್ಯಾಪ್ ಅಥವಾ ಸೆಟ್ಟಿಗೆ ಸರ್ಕಾರಿ ಸೇವೆಯಲ್ಲೇ 319 ಪೌಂಡಿನಷ್ಟು ಕಟ್ಟಬೇಕಿತ್ತು. ಖಾಸಗಿಗೆ ಹೋಲಿಸಿದರೆ ಇದೂ ಕಡಿಮೆಯೇ, ಆದರೆ ಈ ದರಕ್ಕೆ ಮಾಡಿಕೊಡುವ ವೈದ್ಯರು ಸಿಗಬೇಕಲ್ಲ. 2006ರಲ್ಲಿ ಬಂದ ಒಪ್ಪಂದದಲ್ಲಿ ಒಂದು ಫಿಲ್ಲಿಂಗಿಗೂ ಐದು ಫಿಲ್ಲಿಂಗಿಗೂ ವೈದ್ಯರಿಗೆ ಸಿಗುತ್ತಿದ್ದದ್ದು ಒಂದೇ ಹಣ. ಬಾಯಿ ತುಂಬ ಹುಳುಕಿರುವ, ಬಹಳ ಹೊತ್ತು ಬೇಡುವ ರೋಗಿಯನ್ನು ಒಳಗೆ ಕರೆದಷ್ಟೂ ಕ್ಲಿನಿಕ್ಕಿಗೆ ನಷ್ಟ. ಅನೇಕರು ಸರ್ಕಾರಿ ಕೆಲಸ ಬಿಟ್ಟು ಖಾಸಗಿಗೆ ಹೊರಳಿದರು. 2024ರ ಫೆಬ್ರವರಿಯಲ್ಲಿ ಬ್ರಿಸ್ಟಲ್ ನಗರದ ಸೇಂಟ್ ಪಾಲ್ಸ್ ಬಡಾವಣೆಯಲ್ಲಿ ಮುಚ್ಚಿಹೋಗಿದ್ದ ದಂತ ಚಿಕಿತ್ಸಾಲಯವೊಂದು ಮತ್ತೆ ತೆರೆದಾಗ, ಹೆಸರು ನೋಂದಾಯಿಸಲು ಜನ ಬೀದಿಯುದ್ದಕ್ಕೂ ಸಾಲುಗಟ್ಟಿ ನಿಂತರು. ಸಾಲು ನಿಭಾಯಿಸಲು ಪೊಲೀಸರು ಬರಬೇಕಾಯಿತು. ಆ ಸಾಲಿನಲ್ಲಿ ಜಾಗ ಸಿಗದವರಿಗೆ, ಕೈಯಲ್ಲಿ ಒಂದಿಷ್ಟು ದುಡ್ಡಿದ್ದರೆ, ಮುಂದಿನ ದಾರಿ ಇಸ್ತಾಂಬುಲ್ ಅಥವಾ ಅಂತಾಲ್ಯದ ವಿಮಾನ.

ಬೇರೆ ದಾರಿಯೇ ಇಲ್ಲವೆಂದಲ್ಲ. ಜಪಾನಿನಲ್ಲಿ 1961ರಲ್ಲಿ ಎಲ್ಲರಿಗೂ ಆರೋಗ್ಯ ವಿಮೆ ಬಂದಾಗಿನಿಂದ ಸಾಮಾನ್ಯ ಹಲ್ಲಿನ ಚಿಕಿತ್ಸೆಯೂ ಅದರೊಳಗಿದೆ. ದುಡಿಯುವ ವಯಸ್ಸಿನವರು ಕಟ್ಟುವುದು ವೆಚ್ಚದ ಶೇಕಡಾ 30. 1989ರಲ್ಲಿ ಅಲ್ಲಿ 80ನೇ ವಯಸ್ಸಿನಲ್ಲಿ 20 ಸ್ವಂತ ಹಲ್ಲು ಎಂಬ ಆಂದೋಲನ ಶುರುವಾಯಿತು. ಆಗ ಅದನ್ನು ಮುಟ್ಟಿದ್ದವರು ವಿರಳ, 2016ರ ಸಮೀಕ್ಷೆಯ ಹೊತ್ತಿಗೆ ಸುಮಾರು ಅರ್ಧದಷ್ಟು ವೃದ್ಧರು ಮುಟ್ಟಿದ್ದರು. ಜರ್ಮನಿಯಲ್ಲಿ ಶಾಸನಬದ್ಧ ಆರೋಗ್ಯ ವಿಮೆ ಇರುವವರಿಗೆ ಒಂದು ಪುಟ್ಟ ಪುಸ್ತಕ ಇರುತ್ತದೆ. ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ಅದರಲ್ಲಿ ಮುದ್ರೆ ಹಾಕಿಸಿಕೊಳ್ಳಬೇಕು. ಐದು ವರ್ಷ ತಪ್ಪದೆ ಹಾಕಿಸಿದರೆ, ಮುಂದೆ ಕ್ಯಾಪ್ ಅಥವಾ ಸೆಟ್ಟು ಬೇಕಾದಾಗ ಸಾಮಾನ್ಯ ದರದ ಚಿಕಿತ್ಸೆಗೆ ಸಿಗುವ ವಿಮೆಯ ಪಾಲು ಶೇಕಡಾ 60ರಿಂದ 70ಕ್ಕೆ ಏರುತ್ತದೆ, ಹತ್ತು ವರ್ಷಕ್ಕೆ 75. ಹಲ್ಲು ಕಾಪಾಡಿಕೊಂಡವರಿಗೆ ಹಲ್ಲು ಹೋದಾಗ ಹೆಚ್ಚು ನೆರವು ಎಂಬ ಈ ಲೆಕ್ಕ ನನಗೆ ಬಹಳ ಇಷ್ಟ. ಕೆನಡಾ ಕೂಡ ತಡವಾಗಿಯಾದರೂ ಎಚ್ಚೆತ್ತಿದೆ. ಖಾಸಗಿ ದಂತ ವಿಮೆ ಇಲ್ಲದ, ವರ್ಷಕ್ಕೆ 90,000 ಕೆನಡಾ ಡಾಲರಿಗಿಂತ ಕಡಿಮೆ ಆದಾಯದ ಕುಟುಂಬಗಳಿಗೆ ಕೇಂದ್ರ ಸರ್ಕಾರದ ದಂತ ಯೋಜನೆ 2024ರಲ್ಲಿ ವೃದ್ಧರಿಂದ ಶುರುವಾಗಿ ಉಳಿದವರಿಗೂ ವಿಸ್ತರಿಸಿದೆ.

ಹಾಗಿದ್ದರೂ ಜರ್ಮನಿಯವರು ಹಂಗೇರಿಗೆ ಹೋಗುತ್ತಾರೆ. ವಿಮೆ ಕೊಡುವುದು ಸಾಧಾರಣ ಮಟ್ಟದ ಚಿಕಿತ್ಸೆಯ ಪಾಲನ್ನು ಮಾತ್ರ, ಇಂಪ್ಲಾಂಟ್ ಬೇಕೆಂದರೆ ಉಳಿದದ್ದು ಕೈಯಿಂದ. ಆಸ್ಟ್ರಿಯಾ ಗಡಿಯ ಶೊಪ್ರೊನ್, ಮೊಶೊನ್‌ಮಜ್ಯಾರೊವಾರ್ ಎಂಬ ಊರುಗಳು 1989ರಲ್ಲಿ ಗಡಿ ತೆರೆದ ಮೇಲೆ ಹಲ್ಲಿನ ಕೆಲಸದಿಂದಲೇ ಬೆಳೆದವು. 2004ರಲ್ಲಿ ಹಂಗೇರಿ ಯುರೋಪಿಯನ್ ಒಕ್ಕೂಟ ಸೇರಿತು. ಒಕ್ಕೂಟದೊಳಗೆ ಯಾವ ದೇಶದಲ್ಲಿ ಚಿಕಿತ್ಸೆ ಪಡೆದರೂ ತಾಯ್ನಾಡಿನ ವಿಮೆ ತನ್ನ ದರದ ಮಟ್ಟಿಗೆ ಹಣ ವಾಪಸು ಕೊಡಬೇಕೆಂಬ 2011ರ ನಿರ್ದೇಶನ ಈ ಓಡಾಟಕ್ಕೆ ಕಾನೂನಿನ ನೆಲೆ ಕೊಟ್ಟಿತು. ವಿದೇಶ ಪ್ರಯಾಣದ ಎಲ್ಲ ಮಾದರಿಗಳಲ್ಲಿ ಇದೇ ಹೆಚ್ಚು ಸುರಕ್ಷಿತ ಎಂಬುದು ನನ್ನ ಅಭಿಪ್ರಾಯ. ಹಣ ಕೊಡುವವರು ಇದ್ದಾರೆ, ಕಾಗದಪತ್ರ ಇದೆ, ತೊಂದರೆಯಾದರೆ ಕಾರಿನಲ್ಲೋ ರೈಲಿನಲ್ಲೋ ಅದೇ ವೈದ್ಯರ ಬಳಿಗೆ ಹಿಂದಿರುಗಬಹುದು.

ದರದ ಅಂತರ ಎಲ್ಲಿಂದ ಬರುತ್ತದೆ? ಮೂಳೆಗೆ ತಿರುಗಿಸುವ ಟೈಟಾನಿಯಂ ಸ್ಕ್ರೂ ಸ್ವಿಟ್ಜರ್ಲೆಂಡಿನ ಸ್ಟ್ರಾಮನ್ ಕಂಪನಿಯದೋ ಕೊರಿಯಾದ ಆಸ್ಟೆಮ್ ಕಂಪನಿಯದೋ ಆಗಿರುತ್ತದೆ, ಡಲ್ಲಾಸ್‌ನಲ್ಲೂ ಮಂಗಳೂರು ಬಳಿಯ ದೇರಳಕಟ್ಟೆಯಲ್ಲೂ. ವ್ಯತ್ಯಾಸ ಇರುವುದು ಬಾಡಿಗೆಯಲ್ಲಿ, ಸಹಾಯಕರ ಸಂಬಳದಲ್ಲಿ, ಕ್ಯಾಪ್ ಮಾಡುವ ಲ್ಯಾಬಿನ ಕೂಲಿಯಲ್ಲಿ, ವೈದ್ಯರ ಸಾಲದಲ್ಲಿ. ಅಮೆರಿಕದಲ್ಲಿ ಸಾಲ ಮಾಡಿ ದಂತ ವೈದ್ಯಕೀಯ ಓದಿದವರು ಕಾಲೇಜಿನಿಂದ ಹೊರಬರುವಾಗ ಸರಾಸರಿ 3 ಲಕ್ಷ ಡಾಲರಿನಷ್ಟು ಸಾಲ ಹೊತ್ತಿರುತ್ತಾರೆ. ಅದು ತೀರುವುದು ರೋಗಿಯ ಬಿಲ್ಲಿನಿಂದಲೇ. ನಮ್ಮಲ್ಲಿ ಅಗ್ಗವಾಗುವುದಕ್ಕೂ ಕಾರಣ ಉಂಟು, ಅದನ್ನು ಮುಚ್ಚಿಡಬಾರದು. ಬಿಡಿಎಸ್ ಮುಗಿಸಿ ಬೆಂಗಳೂರಿನ ಕ್ಲಿನಿಕ್ಕಿಗೆ ಸೇರುವ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನರಿಗೆ ಮೊದಲ ಸಂಬಳ ತಿಂಗಳಿಗೆ 15–20 ಸಾವಿರ ರೂಪಾಯಿ. ಹೊರದೇಶದ ರೋಗಿಗೆ ಉಳಿಯುವ ದುಡ್ಡಿನಲ್ಲಿ ಒಂದು ಪಾಲನ್ನು ಅವರು ಕಟ್ಟುತ್ತಿದ್ದಾರೆ. ಅದಕ್ಕೇ ಅವರಲ್ಲಿ ಅನೇಕರು ಮತ್ತೆ ಸಾಲ ಮಾಡಿ, ಅಮೆರಿಕದಲ್ಲಿ ಎರಡು ಮೂರು ವರ್ಷ ಹೊಸದಾಗಿ ಓದಿ, ಅಲ್ಲಿಯ ಪರವಾನಗಿ ಪಡೆದು ಅಲ್ಲೇ ಉಳಿಯುತ್ತಾರೆ. ಇಲ್ಲಿ ಕಲಿತ ಕೈಗಳು ಅಲ್ಲಿ, ಅಲ್ಲಿಯ ರೋಗಿಗಳು ಇಲ್ಲಿ.

ದುಡ್ಡಿನ ಲೆಕ್ಕ ಸರಿಹೊಂದಿದರೂ ದಿನಗಳ ಲೆಕ್ಕ ಹೊಂದುವುದಿಲ್ಲ. ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಮೂಳೆಯೊಳಗೆ ಇಟ್ಟಿದ್ದ ಟೈಟಾನಿಯಂ ಸಾಧನವನ್ನು ಹೊರತೆಗೆಯಲು ಹೋದಾಗ ಅದು ಮೂಳೆಗೆ ಬೆಸೆದುಕೊಂಡಿರುವುದನ್ನು ಕಂಡರು. 1965ರಲ್ಲಿ ಮೊದಲ ಬಾರಿಗೆ ಮನುಷ್ಯನ ದವಡೆಯಲ್ಲಿ ಅದನ್ನು ಹಲ್ಲಿನ ಬೇರಾಗಿ ಕೂರಿಸಿದರು. ಇವತ್ತಿನ ಇಂಪ್ಲಾಂಟೆಲ್ಲ ಆ ಬೆಸುಗೆಯ ಮೇಲೆ ನಿಂತಿದೆ. ಬೆಸುಗೆಗೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು.

ಡಲ್ಲಾಸ್‌ನಲ್ಲಿರುವ ನನ್ನ ಚಿಕ್ಕಮ್ಮನ ಮಗಳಿಗೆ ಕೆಳದವಡೆಯ ಹಲ್ಲು ನೋಯಲು ಶುರುವಾದದ್ದು ಬೇಸಿಗೆಯಲ್ಲಿ. ಅಲ್ಲಿ ಹೇಳಿದ ದರ ಕೇಳಿ, ಹೇಗೂ ಡಿಸೆಂಬರಿನಲ್ಲಿ ಮೈಸೂರಿಗೆ ಬರುತ್ತೇನಲ್ಲ ಎಂದು ನೋವಿನ ಮಾತ್ರೆ ನುಂಗುತ್ತಾ ತಳ್ಳಿದಳು. ಬರುವಷ್ಟರಲ್ಲಿ ಹಲ್ಲು ಬೇರಿನವರೆಗೆ ಸೀಳಿತ್ತು. ಉಳಿಸಿಕೊಳ್ಳಬಹುದಾಗಿದ್ದ ಹಲ್ಲನ್ನು ಕೀಳಿಸಬೇಕಾಯಿತು. ಇಂಪ್ಲಾಂಟ್ ಹಾಕಿಬಿಡಿ ಎಂದಳು. ಮೈಸೂರಿನ ವಯಸ್ಸಾದ ವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಸೋಂಕಿನಿಂದ ಮೂಳೆ ಕರಗಿದ್ದ ಜಾಗ ತೋರಿಸಿದರು. ಮೊದಲು ಅಲ್ಲಿ ಮೂಳೆ ತುಂಬಬೇಕು, ನಾಲ್ಕು ತಿಂಗಳು ಬಿಟ್ಟು ಸ್ಕ್ರೂ, ಮತ್ತೆ ಮೂರು ತಿಂಗಳು ಬಿಟ್ಟು ಕ್ಯಾಪ್.

“ಡಾಕ್ಟ್ರೇ, ನನಗೆ ರಜೆ ಇರೋದೇ ಮೂರು ವಾರ.”

“ನಿಮ್ಮ ರಜೆ ಎಷ್ಟು ಅಂತ ಮೂಳೆಗೆ ಗೊತ್ತಾಗಲ್ಲಮ್ಮ.”

ಹಾಗಾದರೆ ಬ್ರಿಡ್ಜ್ ಮಾಡಿ ಎಂದು ಪಟ್ಟು ಹಿಡಿದಳು. ಮಾಡಬಹುದಿತ್ತು, ವಾರದಲ್ಲಿ ಮುಗಿಯುತ್ತಿತ್ತು. ಆದರೆ ಅದಕ್ಕೆ ಅಕ್ಕಪಕ್ಕದ ಎರಡು ಗಟ್ಟಿ ಹಲ್ಲುಗಳನ್ನು ತೇಯಬೇಕು. ಒಂದು ಹಲ್ಲಿಗಾಗಿ ಎರಡು ಒಳ್ಳೆಯ ಹಲ್ಲು ಕೆಡಿಸಲಾರೆ ಎಂದು ಅವರು ಒಪ್ಪಲಿಲ್ಲ. ಮೂಳೆ ತುಂಬಿ, ತೆಗೆದು ಹಾಕಬಹುದಾದ ಒಂದು ಹಲ್ಲು ಮಾಡಿಕೊಟ್ಟು, ಮುಂದಿನ ಸಲ ಬನ್ನಿ ಎಂದು ಕಳಿಸಿದರು. ಎಲ್ಲರೂ ಹೀಗೆ ಹೇಳುವುದಿಲ್ಲ. ರೋಗಿ ಟಿಕೆಟ್ ಹಿಡಿದು ಬಂದಿದ್ದಾನೆ, ಈ ವಾರ ಮಾಡದಿದ್ದರೆ ಪಕ್ಕದ ಕ್ಲಿನಿಕ್ಕಿಗೆ ಹೋಗುತ್ತಾನೆ ಎಂಬ ಒತ್ತಡ ವೈದ್ಯರ ಕೈ ನಡುಗಿಸುತ್ತದೆ. ಹಲ್ಲಿಗೆ ಬೇಕಾದ ಚಿಕಿತ್ಸೆಯನ್ನು ವಿಮಾನದ ತಾರೀಖು ನಿರ್ಧರಿಸಲು ಶುರುಮಾಡಿದಾಗ ಅಪಾಯ ಒಳಗೆ ಬರುತ್ತದೆ.

ಟರ್ಕಿಯಲ್ಲಿ ಹಲ್ಲು ಮಾಡಿಸಿಕೊಂಡು ಬಂದ ಬ್ರಿಟನ್ನಿನ ಯುವಕ ಯುವತಿಯರ ವಿಷಯದಲ್ಲಿ ಆಗಿದ್ದು ಇದೇ. ಹೋಟೆಲ್ಲು, ವಿಮಾನ ನಿಲ್ದಾಣದಿಂದ ಕಾರು, ಹಾಲಿನಂಥ ಬಿಳಿ ಹಲ್ಲು, ಎಲ್ಲಾ ಸೇರಿ ಒಂದೇ ಪ್ಯಾಕೇಜು. ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಪದರ ವೆನೀರ್, ಅದಕ್ಕೆ ತೇಯುವುದು ಬಹಳ ಕಡಿಮೆ. ಆದರೆ ವೆನೀರ್ ಎಂದು ಹೇಳಿ ಪೂರ್ತಿ ಕ್ಯಾಪನ್ನೇ ಹಾಕಿದ ಪ್ರಕರಣಗಳು ಸಾಕಷ್ಟು. ಕ್ಯಾಪಿಗೆ ಹೊರಗೆ ಕಾಣುವ ಹಲ್ಲಿನ ಅರ್ಧಕ್ಕಿಂತ ಹೆಚ್ಚು ಭಾಗ ಹೋಗುತ್ತದೆ. ಇಪ್ಪತ್ತೈದರ ವಯಸ್ಸಿನಲ್ಲಿ ಹುಳುಕಿಲ್ಲದ ಇಪ್ಪತ್ತು ಹಲ್ಲುಗಳನ್ನು ಮೊಳೆಯಷ್ಟು ಚೂಪಾಗಿ ತೇದರೆ, ಒಳಗಿನ ನರ ಸಾಯುವ ಸಾಧ್ಯತೆ ಜೀವನವಿಡೀ ಬೆನ್ನಿಗಿರುತ್ತದೆ. ಆ ಕ್ಯಾಪುಗಳನ್ನು ಹತ್ತು ಹದಿನೈದು ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತದೆ, ಪ್ರತಿ ಸಲವೂ ಹಲ್ಲು ಇನ್ನಷ್ಟು ಸಣ್ಣದಾಗುತ್ತದೆ. ಬ್ರಿಟನ್ನಿನ ದಂತ ವೈದ್ಯರ ಸಂಘ ಇದನ್ನು ಮತ್ತೆ ಮತ್ತೆ ಎಚ್ಚರಿಸಿದೆ. ಚೆನ್ನಾಗಿ ಆದವರು ವಾಪಸು ಬಂದು ಅವರಿಗೆ ತೋರಿಸುವುದಿಲ್ಲ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಟರ್ಕಿಯಲ್ಲಿ ಒಳ್ಳೆಯ ವೈದ್ಯರಿಗೆ ಬರವಿಲ್ಲ. ಕೆಟ್ಟಾಗ ಜವಾಬ್ದಾರಿ ಯಾರದು ಎಂಬ ಪ್ರಶ್ನೆಗೆ ಮಾತ್ರ ಉತ್ತರ ಸಿಗುವುದಿಲ್ಲ. ಊರಿನ ವೈದ್ಯರು ಇನ್ನೊಬ್ಬರ ಕೆಲಸ ಮುಟ್ಟಲು ಹಿಂಜರಿಯುತ್ತಾರೆ. ಇಂಪ್ಲಾಂಟಿನ ಕಂಪನಿಗಳು ನೂರಾರು, ಒಂದರ ಸ್ಕ್ರೂ ಬಿಚ್ಚುವ ಸಾಧನ ಇನ್ನೊಂದಕ್ಕೆ ಹೊಂದುವುದಿಲ್ಲ. ಎಲ್ಲಿ ಮಾಡಿಸಿದರೂ ಕಂಪನಿಯ ಹೆಸರು, ಅಳತೆ, ಲಾಟ್ ಸಂಖ್ಯೆ ಬರೆದ ಕಾರ್ಡನ್ನು, ಎಕ್ಸ್‌ರೇ ಪ್ರತಿಯನ್ನು ಕೇಳಿ ಪಡೆಯಿರಿ ಎಂದು ಊರಿಗೆ ಬರುವ ಎಲ್ಲರಿಗೂ ನಾನು ಹೇಳುತ್ತೇನೆ.

ಹಾಗೆಂದು ಹೋಗುವವರನ್ನು ನಾನು ದೂರಲಾರೆ. ದುಬೈಯಲ್ಲಿ ದುಡಿಯುವ ಬಂಟ್ವಾಳದ, ಭಟ್ಕಳದ ಡ್ರೈವರಿಗೆ ಅಲ್ಲಿಯ ಮೂಲ ವಿಮೆಯಲ್ಲಿ ಸಾಮಾನ್ಯ ಹಲ್ಲಿನ ಚಿಕಿತ್ಸೆ ಬರುವುದಿಲ್ಲ. ಅವನಿಗೆ ಊರೇ ಗತಿ. ಅಂಥವರಿಗೆ ಮಂಗಳೂರು, ಮಣಿಪಾಲದ ಕಾಲೇಜು ಆಸ್ಪತ್ರೆಗಳು ದೊಡ್ಡ ಆಸರೆ.

ಆದರೆ ಇದೇ ನೆಲದಲ್ಲಿ ಇನ್ನೊಂದು ಸಾಲು ಇದೆ. ದಂತ ವೈದ್ಯಕೀಯ ಕಾಲೇಜುಗಳ ಸಂಖ್ಯೆಯಲ್ಲಿ ಕರ್ನಾಟಕ ದೇಶದಲ್ಲೇ ಮುಂಚೂಣಿಯಲ್ಲಿದೆ, ಇಲ್ಲಿ 40ಕ್ಕೂ ಹೆಚ್ಚು ಕಾಲೇಜುಗಳಿವೆ. ಬೆಂಗಳೂರಿನ ಬಡಾವಣೆಗಳಲ್ಲಿ ರಸ್ತೆಗೊಂದು ಕ್ಲಿನಿಕ್ಕು. ಹೋಬಳಿ ಮಟ್ಟಕ್ಕೆ ಬಂದರೆ ಎಷ್ಟೋ ಕಡೆ ಒಂದೂ ಇಲ್ಲ. ನಮ್ಮ ಆರೋಗ್ಯ ವಿಮೆಗಳೂ ಬಾಯನ್ನು ಹೊರಗೇ ಇಟ್ಟಿವೆ: ಅಪಘಾತವಾಗಿ ಆಸ್ಪತ್ರೆಗೆ ಸೇರಿದರೆ ಮಾತ್ರ ಹಲ್ಲಿಗೆ ಹಣ ಎಂಬುದು ಹೆಚ್ಚಿನ ಪಾಲಿಸಿಗಳ ಷರತ್ತು. ರೂಟ್ ಕೆನಾಲಿಗೂ ಕ್ಯಾಪಿಗೂ ಸೇರಿ ಎಂಟು ಹತ್ತು ಸಾವಿರ ಎಂದರೆ ಡಲ್ಲಾಸಿನಿಂದ ಬಂದವಳಿಗೆ ಅಗ್ಗ, ಪಾವಗಡದ ಕೂಲಿಯವಳಿಗೆ ಒಂದು ತಿಂಗಳ ದುಡಿಮೆ. ಅವಳು ಕೀಳಿಸಿಬಿಡಿ ಎನ್ನುತ್ತಾಳೆ. ನಲವತ್ತಕ್ಕೆ ಅರ್ಧ ಬಾಯಿ ಖಾಲಿ. ಬಾಯಿಯ ಕಾಯಿಲೆ ಇರುವವರು ಜಗತ್ತಿನಲ್ಲಿ ಸುಮಾರು 350 ಕೋಟಿ, ನಾಲ್ವರಲ್ಲಿ ಮೂವರು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳವರು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಅವರಲ್ಲಿ ವಿಮಾನ ಹತ್ತುವವರು ಎಷ್ಟು ಜನ? ಹುಳುಕನ್ನು ಅಲ್ಲಿಗೇ ತಡೆಯಬಲ್ಲ ಸಿಲ್ವರ್ ಡಯಮೈನ್ ಫ್ಲೋರೈಡ್ ಎಂಬ ದ್ರಾವಣವನ್ನೂ ಫ್ಲೋರೈಡ್ ಪೇಸ್ಟನ್ನೂ ಅದೇ ಸಂಸ್ಥೆ 2021ರಲ್ಲಿ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಒಂದು ಹನಿಯನ್ನು ಮಗುವಿನ ಹುಳುಕಿಗೆ ಸವರಲು ಡ್ರಿಲ್ಲು ಬೇಡ, ವಿದ್ಯುತ್ತು ಬೇಡ. ಹಚ್ಚಿದ ಜಾಗ ಕಪ್ಪಾಗುತ್ತದೆ, ಆದರೆ ಹುಳುಕು ಸಾಮಾನ್ಯವಾಗಿ ಮುಂದುವರಿಯುವುದಿಲ್ಲ. ಅಂಗನವಾಡಿಗಳಿಗೆ ಇದು ತಲುಪಬೇಕು.

ಕರ್ನಾಟಕದ ‘ದಂತ ಭಾಗ್ಯ’ ಯೋಜನೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಬಡತನ ರೇಖೆಗಿಂತ ಕೆಳಗಿರುವ, ಹಲ್ಲು ಕಳೆದುಕೊಂಡ ಹಿರಿಯರಿಗೆ ದಂತ ಕಾಲೇಜುಗಳ ಮೂಲಕ ಉಚಿತವಾಗಿ ಹಲ್ಲಿನ ಸೆಟ್ಟು ಕೊಡುವ ಯೋಜನೆ ಅದು. ಬೇರೆ ರಾಜ್ಯಗಳು ನೋಡಿ ಕಲಿಯಬಹುದಾದದ್ದು. ಆದರೆ ಸೆಟ್ಟು ಒಂದೇ ದಿನಕ್ಕೆ ಆಗುವುದಿಲ್ಲ. ಮೊದಲ ದಿನ ಬಾಯಿಯ ಅಚ್ಚು. ಎರಡನೇ ಸಲ ಇನ್ನೂ ಕರಾರುವಾಕ್ಕಾದ ಅಚ್ಚು. ಮೂರನೇ ಸಲ ಮೇಲ್ದವಡೆ ಕೆಳದವಡೆ ಎಷ್ಟು ಅಂತರದಲ್ಲಿ ಕೂಡುತ್ತವೆ ಎಂಬ ಅಳತೆ. ನಾಲ್ಕನೇ ಸಲ ಮೇಣದ ಮೇಲೆ ಜೋಡಿಸಿದ ಹಲ್ಲುಗಳನ್ನು ಬಾಯಿಗಿಟ್ಟು ನೋಡುವುದು. ಐದನೇ ಸಲಕ್ಕೆ ಸೆಟ್ಟು ಕೈಗೆ. ಆಮೇಲೆ ಒಸಡಿಗೆ ಒತ್ತಿ ಹುಣ್ಣಾದರೆ ಉಜ್ಜಿಸಿಕೊಳ್ಳಲು ಇನ್ನೊಂದೆರಡು ಸಲ. 2023ರ ಜೂನಿನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಗಿದೆ, ಅಜ್ಜಿಗೆ ಅಷ್ಟು ಹಗುರ. ಜೊತೆಗೆ ಬರುವ ಮಗನಿಗೆ ಟಿಕೆಟ್ ಖರ್ಚು, ಪ್ರತಿ ಸಲ ಒಂದು ದಿನದ ಕೂಲಿ ಹೋಗುತ್ತದೆ. ಎರಡು ಸಲ ಬಂದು ಮೂರನೇ ಸಲ ಬಾರದೆ ಉಳಿದವರ ಅಚ್ಚುಗಳು ಲ್ಯಾಬಿನಲ್ಲೇ ಒಣಗುತ್ತವೆ. ತಾಲ್ಲೂಕು ಆಸ್ಪತ್ರೆಯ ದಂತ ವೈದ್ಯರೇ ಅಚ್ಚು, ಅಳತೆ ತೆಗೆದು ಕಾಲೇಜಿನ ಲ್ಯಾಬಿಗೆ ಕಳಿಸಿ, ತಯಾರಾದ ಸೆಟ್ಟನ್ನು ಅಲ್ಲೇ ಕೂರಿಸಿಕೊಡುವಂತೆ ಮಾಡಿದರೆ ಈ ದೂರದ ಓಡಾಟ ಬಹುಪಾಲು ತಪ್ಪುತ್ತದೆ. ಬೇಕಾದದ್ದು ತಾಲ್ಲೂಕಿಗೊಬ್ಬ ತರಬೇತಿ ಪಡೆದ ಸಹಾಯಕ, ಅಚ್ಚು ತೆಗೆಯುವ ಸಾಮಗ್ರಿ, ಭದ್ರವಾದ ಒಂದು ಪೆಟ್ಟಿಗೆ. ಸಾಗಿಸಲು ಸಾರಿಗೆ ಸಂಸ್ಥೆಯ ‘ನಮ್ಮ ಕಾರ್ಗೋ’ ಪಾರ್ಸೆಲ್ ಸೇವೆ ಈಗಾಗಲೇ ಇದೆ.